ಪಾವಗಡದ ಸೊಸೆ ತಾನು ಯಾರೆಂದು ಸಾಬೀತುಪಡಿಸಬೇಕೆ?

ಆಂಧ್ರದ ಮಡಕಶಿರಾ, ರೊಳ್ಳ, ಅಮರಾಪುರದ ಕಡೆಯಿಂದ ಪಾವಗಡ, ಶಿರಾ, ಮಧುಗಿರಿಗೆ ಹೆಣ್ಣು ತರುವುದು, ಇಲ್ಲಿಂದ ಅಲ್ಲಿಗೆ ಕೊಡುವುದು ತಲೆಮಾರುಗಳ ರೂಢಿ. ಹೀಗೆ ಬಂದ ಸೊಸೆಯ ಹುಟ್ಟಿನ ದಾಖಲೆ ಏನಾದರೂ ಇದ್ದರೆ, ಅದು ಆಂಧ್ರದಲ್ಲಿ, ತೆಲುಗಿನಲ್ಲಿ ಇರುತ್ತದೆ. ಅಂಥ ಸೊಸೆಯೊಬ್ಬಳು ಆಧಾರ್‌ನಲ್ಲಿ ಹನುಮಕ್ಕ, ಪಡಿತರ ಚೀಟಿಯಲ್ಲಿ ಹನುಮಂತಮ್ಮ. ಪಿಂಚಣಿಗಾಗಿ ನಾಡಕಚೇರಿಗೆ ಅಲೆಯುವ ಕಷ್ಟ ಬಿಟ್ಟರೆ ಈ ವ್ಯತ್ಯಾಸದಿಂದ ದೊಡ್ಡ ಕೇಡಾಗಿಲ್ಲ. ಕಾನೂನಿನ ಕಣ್ಣಿಗೆ ಇದು ಅನುಮಾನದ ಎಳೆಯಾದರೆ ಏನಾಗುತ್ತದೆಂದು ಅಸ್ಸಾಂ ತೋರಿಸಿದೆ.

ಬ್ರಿಟಿಷರು 1946ರಲ್ಲಿ ತಂದ ವಿದೇಶಿಯರ ಕಾಯ್ದೆಯ 9ನೇ ಕಲಂ, ವಿದೇಶಿಯಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನು ಆರೋಪಕ್ಕೆ ಒಳಗಾದವರ ಮೇಲೆಯೇ ಹಾಕಿತು. ಕಳ್ಳತನದ ಆರೋಪಿಗೂ ಇಲ್ಲದ ಹೊರೆ ಇದು. 1964ರ ಆದೇಶದಿಂದ ಬಂದ ವಿದೇಶಿಯರ ನ್ಯಾಯಮಂಡಳಿಗಳು ಇದೇ ನಿಯಮದಡಿ ನಡೆದವು. ಅಸ್ಸಾಮಿಗೆಂದು 1983ರಲ್ಲಿ ಮಾಡಿದ ಪ್ರತ್ಯೇಕ ಕಾನೂನು ಈ ಹೊಣೆಯನ್ನು ದೂರುವವರಿಗೆ ಹೊರಿಸಿತ್ತು. ಸುಪ್ರೀಂ ಕೋರ್ಟ್ 2005ರಲ್ಲಿ ಅದನ್ನು ರದ್ದು ಮಾಡಿತು. 2019ರ ಪೌರತ್ವ ನೋಂದಣಿ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅಲ್ಲಿ ಹೆಚ್ಚು ಪೇಚಿಗೆ ಸಿಕ್ಕವರಲ್ಲಿ ಮದುವೆಯಾಗಿ ಊರು ಬದಲಿಸಿದ ಹೆಂಗಸರು ಸೇರಿದ್ದರು. ತವರಿನ ನಂಟು ತೋರಿಸಲು ಅವರ ಕೈಯಲ್ಲಿದ್ದದ್ದು ಪಂಚಾಯಿತಿ ಕೊಟ್ಟ ಚೀಟಿ. ಅದನ್ನು ಪರಿಶೀಲಿಸಿ ಒಪ್ಪಬಹುದೆಂದು ಹೇಳಲು 2017ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ಅನುಮಾನ ಎದ್ದರೆ ಹನುಮಕ್ಕನ ಪಾಡೂ ಇದಕ್ಕಿಂತ ಬೇರೆಯಾಗದು.

ಕರ್ನಾಟಕದಲ್ಲಿ ಬಂಧನ ಕೇಂದ್ರ ಬಂತು, ನ್ಯಾಯಮಂಡಳಿ ಬರಲಿಲ್ಲ. ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ ಹಳೆಯ ವಿದ್ಯಾರ್ಥಿನಿಲಯಕ್ಕೆ ಬೇಲಿ ಹಾಕಿ ಕೇಂದ್ರ ಮಾಡಲಾಯಿತು. ಇಲ್ಲಿ ಹುಡುಕುವವರು ಪೊಲೀಸರು, ಗಡೀಪಾರಿಗೆ ಕ್ರಮ ಕೈಗೊಳ್ಳುವುದು ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ. ಗಡೀಪಾರನ್ನು ನ್ಯಾಯಾಧೀಶರ ಮುಂದೆ ಪ್ರಶ್ನಿಸಬೇಕಾದರೆ ರಿಟ್ ಅರ್ಜಿ ಹಿಡಿದು ಹೈಕೋರ್ಟಿಗೇ ಹೋಗಬೇಕು. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದೇಶಿಗಳು’ ಎಂದು ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕೂಲಿಗಳೂ ಇದ್ದರು. ಹೈಕೋರ್ಟ್ ಮಧ್ಯೆ ಬಂದಿತು, ಆದರೆ ಆ ವೇಳೆಗೆ ಗುಡಿಸಲುಗಳು ನೆಲಸಮವಾಗಿದ್ದವು. ಮಳೆ ಕೈಕೊಟ್ಟ ವರ್ಷ ಪಾವಗಡ, ಕೊರಟಗೆರೆಯಿಂದ ಬೆಂಗಳೂರಿಗೆ ಗುಳೆ ಹೋಗುವವರು ಉಳಿಯುವುದು ಅಂಥದೇ ಶೆಡ್ಡುಗಳಲ್ಲಿ.

ಗಡೀಪಾರಿನ ಭಯದಲ್ಲಿರುವವರಿಗೆ ನ್ಯಾಯ ದೂರವೇ ಎಂಬುದನ್ನು ಅಮೆರಿಕದ ಚರಿತ್ರೆಯೂ ಹೇಳುತ್ತದೆ. ಗಡೀಪಾರು ಶಿಕ್ಷೆಯಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1893ರಲ್ಲಿ ಹೇಳಿದ್ದರಿಂದ, ಕ್ರಿಮಿನಲ್ ಆರೋಪಿಗೆ ಸರ್ಕಾರ ಕೊಡುವ ವಕೀಲರು ಗಡೀಪಾರು ವಿಚಾರಣೆಯಲ್ಲಿ ವಲಸಿಗರಿಗೆ ಇಂದಿಗೂ ಸಾಮಾನ್ಯವಾಗಿ ಸಿಗುವುದಿಲ್ಲ. 1983ರಲ್ಲಿ ವಲಸೆ ನ್ಯಾಯಾಲಯಗಳನ್ನು ವಲಸೆ ಇಲಾಖೆಯಿಂದ ಪ್ರತ್ಯೇಕಿಸಿದರೂ ಅವು ನ್ಯಾಯ ಇಲಾಖೆಯ, ಅಂದರೆ ಸರ್ಕಾರದ ಅಧೀನದಲ್ಲೇ ಉಳಿದವು. ನಮ್ಮ ಮಕ್ಕಳು ಅಲ್ಲಿ ಆ ಪೀಠದ ಮುಂದೆ ನಿಂತಾಗ ನಮಗೆ ಅನ್ಯಾಯ ಎನಿಸುವುದನ್ನು ಇಲ್ಲಿ ಬೇರೆಯವರ ಮಕ್ಕಳಿಗೆ ಸರಿ ಎನ್ನಲಾಗದು.

ಅಕ್ರಮವಾಗಿ ಬಂದವರನ್ನು ಗುರುತಿಸುವ ಅಧಿಕಾರ ಯಾವ ದೇಶಕ್ಕೂ ಇದೆ, ಅದರಲ್ಲಿ ನನಗೆ ತಕರಾರಿಲ್ಲ. 2025ರ ಸೆಪ್ಟೆಂಬರ್ 1ರಿಂದ ಜಾರಿಯಾದ ವಲಸೆ ಮತ್ತು ವಿದೇಶಿಯರ ಕಾಯ್ದೆ ಹಳೆಯ ನಾಲ್ಕು ಕಾನೂನುಗಳನ್ನು ತೆಗೆದುಹಾಕಿತು, ಆದರೆ ಸಾಬೀತಿನ ಹೊಣೆಯನ್ನು ಹಾಗೆಯೇ ಉಳಿಸಿಕೊಂಡಿತು. ಕೈಬಿಡಬೇಕಾಗಿದ್ದುದು ಅದನ್ನೇ. ಅಸ್ಸಾಮಿನ ರಹೀಂ ಅಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಸ್ಪಷ್ಟವಾಗಿ ಹೇಳಿದೆ: ಕೈಯಲ್ಲಿ ಆಧಾರವಿಲ್ಲದೆ ಯಾರನ್ನೋ ಹಿಡಿದು ಪೌರತ್ವ ಸಾಬೀತು ಮಾಡೆನ್ನುವಂತಿಲ್ಲ, ಹೆಸರಿನ ಕಾಗುಣಿತದ ಸಣ್ಣ ವ್ಯತ್ಯಾಸ ಪೌರತ್ವ ಕಳೆಯುವ ಕಾರಣವಾಗದು. ಈ ಮಾತು ಪೊಲೀಸ್ ಠಾಣೆಗೆ ಇಳಿಯಬೇಕಾದರೆ, ವಶಕ್ಕೆ ಪಡೆದ 24 ಗಂಟೆಯೊಳಗೆ ಅನುಮಾನದ ಆಧಾರವನ್ನು ಮ್ಯಾಜಿಸ್ಟ್ರೇಟರ ಮುಂದಿಡುವುದು ಕಡ್ಡಾಯವಾಗಬೇಕು. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆಯ ಕೋರ್ಟುಗಳಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಇಂಥ ಪ್ರಕರಣಗಳಿಗೆ ಉಚಿತ ವಕೀಲರನ್ನು ಈಗಲೇ ಗೊತ್ತು ಮಾಡಬೇಕು, ತೆಲುಗು ದಾಖಲೆ ಓದಬಲ್ಲವರನ್ನೂ ಸೇರಿಸಿ.