ಕಣ್ಣಿನ ಕೆಂಪೂ ಕಾಲಿನ ಉಣ್ಣಿಯೂ

ಕಣ್ಣು ಕೆಂಪಾದರೆ ಧೂಳು ಬಿದ್ದಿತೆಂದೋ ನಿದ್ದೆಗೆಟ್ಟಿತೆಂದೋ ಹೇಳಿ ಸುಮ್ಮನಾಗುತ್ತೇವೆ. ಎಂದೋ ಕಾಲಿಗೆ ಕಚ್ಚಿದ ಉಣ್ಣಿಯೂ ಅದಕ್ಕೆ ಕಾರಣವಾಗಬಲ್ಲುದೆಂಬುದು ಯಾರಿಗೂ ಹೊಳೆಯದು. ಮಕ್ಕಳು ಮೊಮ್ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಮನೆತನಗಳು ನಮ್ಮಲ್ಲಿ ಈಗ ವಿರಳವಲ್ಲ. ಆದಕಾರಣ ಈ ಸಲ ಅಲ್ಲಿಯ ಲೈಮ್ ರೋಗವನ್ನು ಕುರಿತು ಬರೆಯುತ್ತಿದ್ದೇನೆ.

ಲೈಮ್ ಎಂಬುದು ಕನೆಕ್ಟಿಕಟ್ ರಾಜ್ಯದ ಒಂದು ಊರು. 1975ರ ಸುಮಾರಿಗೆ ಆ ಭಾಗದ ಅನೇಕ ಮಕ್ಕಳಿಗೆ ಕೀಲುಗಳು ಊದಿಕೊಂಡವು. ಇದು ಕಾಕತಾಳೀಯವಲ್ಲವೆಂದು ಮೊದಲು ಶಂಕಿಸಿ ಆರೋಗ್ಯಾಧಿಕಾರಿಗಳಿಗೆ ತಿಳಿಸಿದವರು ತಾಯಂದಿರೇ! ಉಣ್ಣಿಗಳ ಒಡಲಲ್ಲಿ ತಿರುಪಿನಾಕಾರದ ಬ್ಯಾಕ್ಟೀರಿಯವೊಂದನ್ನು ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಕಂಡುಹಿಡಿದು 1982ರಲ್ಲಿ ಪ್ರಕಟಿಸಿದ ಮೇಲೆ ಮೂಲವು ಸ್ಪಷ್ಟವಾಯಿತು. ಮರಿ ಉಣ್ಣಿಯು ಗಸಗಸೆ ಕಾಳಿನಷ್ಟಿದ್ದು, ಕಚ್ಚಿದ್ದು ಅರಿವಿಗೇ ಬಾರದು. 3ರಿಂದ 30 ದಿನಗಳೊಳಗೆ ಚರ್ಮದ ಮೇಲೆ ಕೆಂಪು ಮಚ್ಚೆಯೊಂದು ಹರಡುವುದುಂಟು, ಎಲ್ಲರಲ್ಲಿಯೂ ಅಲ್ಲ.

ಆರಂಭದ ವಾರಗಳಲ್ಲಿ ಕೆಲವರಿಗೆ ಸಾಧಾರಣ ಕೆಂಗಣ್ಣು ಬಂದು ಹೋಗುತ್ತದೆ. ಕಷ್ಟವಿರುವುದು ಅನಂತರ. ಅಪರೂಪವಾಗಿ, ತಿಂಗಳುಗಳು ಕಳೆದ ಮೇಲೆ, ಕಣ್ಣಿನ ಒಳಪದರಗಳೇ ಉರಿಯೂತಕ್ಕೆ ಒಳಗಾಗುತ್ತವೆ. ಬೆಳಕು ಸಹಿಸದು, ನೋವು ಕಾಡುತ್ತದೆ, ನೋಟ ಮಂಜಾಗುತ್ತದೆ, ಕಣ್ಣೆದುರು ಚುಕ್ಕೆಗಳು ತೇಲುತ್ತವೆ. ಇನ್ನು ಕೆಲವರಲ್ಲಿ ಮುಖದ ನರವು ಸೋತು ರೆಪ್ಪೆ ಮುಚ್ಚದಾಗಿ ಕಣ್ಣು ಒಣಗುವುದೂ ಉಂಟು. ಊತ ತಗ್ಗಿಸುವ ಸ್ಟೀರಾಯ್ಡ್ ಹನಿಗಳಿಂದ ಕೆಂಪು ಇಳಿದೀತು. ಆದರೆ ರೋಗಾಣು ಒಳಗೇ ಉಳಿಯುತ್ತದೆ. ಡಾಕ್ಸಿಸೈಕ್ಲಿನ್ ಅಥವಾ ರಕ್ತನಾಳದ ಮೂಲಕ ಕೊಡುವ ಸೆಫ್ಟ್ರಿಯಾಕ್ಸೋನ್‌ನಂತಹ ಆಂಟಿಬಯಾಟಿಕ್ ಔಷಧವಿಲ್ಲದೆ ಅದು ಅಳಿಯದು. ಉಪೇಕ್ಷಿಸಿದಲ್ಲಿ ದೃಷ್ಟಿಗೇ ಅಪಾಯ.

ಉಣ್ಣಿಯೆಂದೊಡನೆ ಮಲೆನಾಡಿನ ವಾಚಕರಿಗೆ ಮಂಗನ ಕಾಯಿಲೆ ನೆನಪಾದೀತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಅದು ವೈರಸ್ಸಿನಿಂದ ಬರುವಂಥದು. ಈ ಔಷಧಗಳು ಅದಕ್ಕೆ ನಾಟುವುದಿಲ್ಲ. ಎರಡನ್ನೂ ಒಂದೆಂದು ಭಾವಿಸಬಾರದು.

ಉಣ್ಣಿ ಕಚ್ಚಿಕೊಂಡಿದ್ದರೆ ಬೆಂಕಿ ತಾಗಿಸುವುದಾಗಲಿ ಎಣ್ಣೆ ಸುರಿಯುವುದಾಗಲಿ ಸಲ್ಲದು. ಸಣ್ಣ ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಎಳೆಯಬೇಕು. ಸಾಮಾನ್ಯವಾಗಿ ಒಂದು ದಿನಕ್ಕೂ ಹೆಚ್ಚು ಕಾಲ ಕಚ್ಚಿಕೊಂಡಿದ್ದರೆ ಮಾತ್ರ ಈ ಸೋಂಕು ತಗಲುವುದರಿಂದ, ಆ ದಿನವೇ ಕಿತ್ತರೆ ಬಹುಮಟ್ಟಿಗೆ ಪಾರಾದಂತೆ. ಮಗಳ ಬಾಣಂತನಕ್ಕೆಂದು ಹೋಗಿ, ಅಲ್ಲಿಯ ತೋಪು ಹುಲ್ಲುಗಾವಲುಗಳಲ್ಲಿ ಅಡ್ಡಾಡಿ ಮರಳಿದ ಹಿರಿಯರಿಗೆ ಮುಂದೆ ಕಣ್ಣು ನೋವು ಬಂದಲ್ಲಿ, ಅಲ್ಲಿ ತಿರುಗಾಡಿದ ಸಂಗತಿಯನ್ನು ಇಲ್ಲಿಯ ನೇತ್ರವೈದ್ಯರು ಕೇಳದಿದ್ದರೂ ತಾವಾಗಿಯೇ ತಿಳಿಸಬೇಕು.