ಅಪ್ಪನ ಮಡಕೆ, ನನ್ನ ಬಕೆಟ್ಟು

ಕಳೆದ ಮಾರ್ಚಿನಲ್ಲಿ ವಾಟ್ಸಾಪ್ ಸ್ಟೇಟಸ್ಸಿಗೆ ಒಂದು ಫೋಟೋ ಹಾಕಿದೆ. ಬಿಳಿ ಪ್ಲಾಸ್ಟಿಕ್ ಬಕೆಟ್ಟು, ಮುಚ್ಚಳಕ್ಕೆ ಸಿಕ್ಕಿಸಿದ ನೀರು ತುಂಬಿದ ಸಣ್ಣ ಕೊಳವೆ, ಪಕ್ಕದಲ್ಲಿ ನಗುತ್ತಾ ನಿಂತ ನಾನು. ಬಕೆಟ್ಟಿನೊಳಗಿದ್ದದ್ದು 23 ಲೀಟರ್ ಬಿಯರ್. ನಾನೇ ಮಾಡಿದ್ದು ಎಂದು ಕೆಳಗೆ ಬರೆದಿದ್ದೆ.

ಅರ್ಧ ಗಂಟೆಯೊಳಗೆ ಉತ್ತರಗಳು ಬಂದವು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳತಿ, ‘ಸಖತ್ ಕಣೇ, ಬಂದಾಗ ನಂಗೂ ಹೇಳ್ಕೊಡು’ ಎಂದಳು. ಎಂ.ಎ. ದಿನಗಳ ಹಿರಿಯ ಮಿತ್ರರೊಬ್ಬರು, ವೇದಿಕೆಗಳಲ್ಲಿ ಸಮಾನತೆಯ ಬಗ್ಗೆ ಬಹಳ ಚೆನ್ನಾಗಿ ಮಾತಾಡುವವರು, ‘ಓದೋಕೆ ಹೋದವಳು ಇದನ್ನ ಕಲಿತ್ಯಾ?’ ಎಂದು ಕೇಳಿದರು. ನಮ್ಮ ಜಾತಿ ಗೊತ್ತಿರುವ ಇನ್ನೊಬ್ಬರು, ‘ರಕ್ತದಲ್ಲೇ ಇದೆಯಲ್ಲ’ ಎಂದು ನಗುವ ಮುಖ ಕಳಿಸಿದರು. ಅಪ್ಪನೂ ನೋಡಿದ್ದ. ಏನೂ ಹೇಳಲಿಲ್ಲ.

ಮೊದಲ ಮೂವರಿಗೆ ಉತ್ತರ ಕೊಡಲು ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ. ಒಂದು ಕಾಲದಲ್ಲಿ ಅರ್ಧ ಜಗತ್ತಿಗೆ ಚಾಕು, ಚಮಚ ಮಾಡಿಕೊಟ್ಟ ಉಕ್ಕಿನ ಊರು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಸಮುದಾಯ ಭವನವಿದೆ. ತಿಂಗಳಿಗೊಂದು ಶನಿವಾರ ಅಲ್ಲಿ ಜನ ಸೇರಿ, ತಮಗೆ ಗೊತ್ತಿರುವುದನ್ನು ಗೊತ್ತಿಲ್ಲದವರಿಗೆ ಹೇಳಿಕೊಡುತ್ತಾರೆ. ಒಂದು ಮೇಜಿನ ಮೇಲೆ ಸೈಕಲ್ ಚೈನು, ಇನ್ನೊಂದರ ಮೇಲೆ ತೂತುಬಿದ್ದ ಸ್ವೆಟರು, ಅಡುಗೆಮನೆಯಲ್ಲಿ ಬ್ರೆಡ್ಡು ಅಥವಾ ಬಿಯರು. ಫೀಸು ಇಲ್ಲ. ಟೀ, ಹಾಲಿನ ಖರ್ಚಿಗೆಂದು ಹಳೆಯ ಬಿಸ್ಕತ್ತಿನ ಡಬ್ಬಿ ಇಟ್ಟಿರುತ್ತಾರೆ. ಕಲಿತವರು ಒಂದಲ್ಲ ಒಂದು ದಿನ ತಾವೂ ಏನನ್ನಾದರೂ ಕಲಿಸಬೇಕು ಎಂಬುದೊಂದೇ ಷರತ್ತು. ನಿಜ ಹೇಳಬೇಕೆಂದರೆ, ಮೊದಲ ಸಲ ನಾನು ಹೋದದ್ದು ಅಲ್ಲಿ ಹೀಟರ್ ಉರಿಯುತ್ತದೆ ಎಂಬ ಆಸೆಗೆ.

ಬಿಯರ್ ಹೇಳಿಕೊಡುವವರು ಎಪ್ಪತ್ತು ದಾಟಿದ ಒಬ್ಬ ಅಜ್ಜ, ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮೊದಲ ದಿನ ಮಾಲ್ಟ್ ಎಂದರೇನು ಎಂದು ವಿವರಿಸುವುದಕ್ಕೇ ಅರ್ಧ ಗಂಟೆ ತೆಗೆದುಕೊಂಡರು. ಬಾರ್ಲಿಯನ್ನು ನೆನೆಸಬೇಕು, ಮೊಳಕೆ ಬರಿಸಬೇಕು, ಮೊಳಕೆ ಉದ್ದವಾಗುವ ಮೊದಲೇ ಒಣಗಿಸಿ ನಿಲ್ಲಿಸಬೇಕು. ಮೊಳಕೆಯೊಡೆಯುವಾಗ ಕಾಳಿನೊಳಗೆ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ತಯಾರಾಗುತ್ತವೆ. ಸುತ್ತ ನಿಂತವರು ಬೆರಗಾಗಿ ಕೇಳುತ್ತಿದ್ದರು. ನನಗೆ ನಗು. ತಂಗಿಗೆ ಸರಿ ತಿನ್ನಿಸಲು ಅವ್ವ ರಾಗಿಯನ್ನು ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು ಬೀಸುತ್ತಿದ್ದದ್ದು ಇದನ್ನೇ ಅಲ್ಲವೇ? ಆ ಸರಿ ಮಗುವಿನ ಗಂಟಲಲ್ಲಿ ನೀರಾಗಿ ಇಳಿಯುವುದಕ್ಕೂ ಇದೇ ಮೊಳಕೆಯ ಮಹಿಮೆ ಕಾರಣ. ಇದನ್ನು ಅಜ್ಜನಿಗೆ ಹೇಳಿದೆ. ಅವರು ನೋಟ್‌ಬುಕ್ಕು ತೆಗೆದು ‘ರಾಗಿ’ ಎಂದು ಬರೆದುಕೊಂಡರು.

ಮುಂದಿನದು ಕಷ್ಟದ ವಿದ್ಯೆಯೇನಲ್ಲ, ತಾಳ್ಮೆಯ ಕೆಲಸ. ಒಡೆದ ಮಾಲ್ಟನ್ನು 66 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಬಿಡಬೇಕು. ಬಿಸಿ 80ರ ಹತ್ತಿರ ಹೋದರೆ ಕಿಣ್ವ ಸಾಯುತ್ತದೆ. ಸೋಸಿದ ಸಿಹಿನೀರನ್ನು ಹಾಪ್ಸ್ ಎಂಬ ಕಹಿ ಹೂವಿನ ಜೊತೆ ಇನ್ನೊಂದು ಗಂಟೆ ಕುದಿಸಿ, 20 ಡಿಗ್ರಿಗೆ ಇಳಿಸಿ, ಯೀಸ್ಟ್ ಹಾಕಿ ಮುಚ್ಚಬೇಕು. ಅಜ್ಜ ಮತ್ತೆ ಮತ್ತೆ ಹೇಳುತ್ತಿದ್ದದ್ದು ಪಾತ್ರೆ ತೊಳೆಯುವುದರ ಬಗ್ಗೆ. ನಾನು ಒಂದು ಸೌಟಿನ ವಿಷಯದಲ್ಲಿ ಉದಾಸೀನ ಮಾಡಿದೆ, ಮೊದಲ ಬಕೆಟ್ಟು ಪೂರ್ತಿ ಹುಳಿಯಾಯಿತು. ಅವರು ಒಂದು ಗುಟುಕು ಕುಡಿದು, ಆಲೂಗಡ್ಡೆ ಚಿಪ್ಸಿನ ಮೇಲೆ ಚಿಮುಕಿಸಿಕೋ ಎಂದರು. ಎರಡನೆಯ ಸಲ ಗೆದ್ದೆ. ಹೈಡ್ರೋಮೀಟರು 1.044ರಿಂದ 1.010ಕ್ಕೆ ಇಳಿಯಿತು. ಅಂದರೆ ಆಲ್ಕೋಹಾಲ್ ಶೇ. 4.5ರಷ್ಟು. ಈ ಅಂಕಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನಾನು ಮಂಡ್ಯ ಜಿಲ್ಲೆಯ ಈಡಿಗರ ಮನೆಯ ಹುಡುಗಿ. ಅಪ್ಪ ಈಚಲು ಮರ ಹತ್ತುತ್ತಿದ್ದ. ಮರದ ತಲೆಯ ಎಳೆಯ ಭಾಗವನ್ನು ದಿನಕ್ಕಿಷ್ಟೇ ಎಂದು ಕೆತ್ತಿ, ಕೆಳಗೆ ಮಡಕೆ ಕಟ್ಟಿ ಇಳಿಯಬೇಕು. ಆಳಕ್ಕೆ ಕೆತ್ತಿದರೆ ಮರಕ್ಕೆ ಪೆಟ್ಟು, ಅಂಜಿ ಕೆತ್ತಿದರೆ ರಸ ನಿಲ್ಲುತ್ತದೆ. ಮಡಕೆಗೆ ಸುಣ್ಣ ಬಳಿದರೆ ಬೆಳಿಗ್ಗೆ ಸಿಗುವುದು ಸಿಹಿ ನೀರಾ. ಬಳಿಯದಿದ್ದರೆ, ಯಾರೂ ಹಾಕದ ಯೀಸ್ಟು ತಾನಾಗಿ ಸೇರಿ, ಹೊತ್ತು ಮೂಡುವಷ್ಟರಲ್ಲಿ ಅದು ಹೆಂಡ. ಅದರ ಅಮಲೂ ಸುಮಾರು ಶೇ. 4ರಿಂದ 5. ನನ್ನ ಶೆಫೀಲ್ಡಿನ ಬಕೆಟ್ಟಿನಷ್ಟೇ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅದು ನಿಂತಿತು. ದಕ್ಷಿಣ ಕನ್ನಡ, ಉಡುಪಿಯಂಥ ಕಡೆ ಉಳಿಯಿತು, ನಮ್ಮ ಕಡೆ ಹೆಂಡ ಇಳಿಸುವುದು ಅಪರಾಧವಾಯಿತು. ಹೆಂಡಕ್ಕೆ ಕ್ಲೋರಲ್ ಹೈಡ್ರೇಟ್ ಬೆರೆಸುತ್ತಾರೆ ಎಂಬುದು ದೊಡ್ಡ ಕಾರಣ. ಬೆರೆಸುತ್ತಿದ್ದದ್ದು ಸುಳ್ಳಲ್ಲ. ಆದರೆ ಮರ ಹತ್ತುವವನು ಮಡಕೆ ಇಳಿಸಿ ಕೂಲಿ ಎಣಿಸಿಕೊಳ್ಳುತ್ತಿದ್ದ. ಹತ್ತು ಮಡಕೆಯನ್ನು ಇಪ್ಪತ್ತು ಮಾಡುವ ಆಸೆ ಇದ್ದದ್ದು ಹರಾಜಿನಲ್ಲಿ ಅಂಗಡಿ ಹಿಡಿದ ಗುತ್ತಿಗೆದಾರನಿಗೆ. ಗುತ್ತಿಗೆದಾರರು ಬೇರೆ ವ್ಯಾಪಾರಕ್ಕೆ ಹೋದರು. ಅಪ್ಪ ಗಾರೆ ಕೆಲಸಕ್ಕೆ ಹೋದ. ನಮ್ಮೂರ ಕೆರೆಯ ಹಿಂದಿನ ಜಾಗವನ್ನು ದಾಖಲೆಗಳು ಇನ್ನೂ ‘ಸೇಂದಿವನ’ ಎಂದೇ ಕರೆಯುತ್ತವೆ.

ಇನ್ನೊಂದು ಕಡೆ ಏನಾಯಿತು ನೋಡಿ. 2003ರಲ್ಲಿ ಮದ್ಯದ ಸಗಟು ವ್ಯಾಪಾರಕ್ಕೆಂದೇ ಸರ್ಕಾರ ಪಾನೀಯ ನಿಗಮ ಮಾಡಿಕೊಂಡಿತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಹಳ್ಳಿಯಲ್ಲಿ ಕುಡಿತ ನಿಂತಿತೇ? ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಬಂತು. ಅದರಲ್ಲಿರುವ ಆಲ್ಕೋಹಾಲ್ ಶೇ. 42ಕ್ಕೂ ಹೆಚ್ಚು, ಹೆಂಡದ ಎಂಟು ಹತ್ತು ಪಟ್ಟು. ಅಬಕಾರಿಯಿಂದ ಸರ್ಕಾರಕ್ಕೆ ಈಗ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮೀರಿ ಬರುತ್ತದೆ. ಅದೇ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಗಾಜಿನ ಗೋಡೆಯ ಹಿಂದೆ ಹೊಳೆಯುವ ಟ್ಯಾಂಕುಗಳ ಮೈಕ್ರೋಬ್ರೂವರಿಗಳಿಗೆ ಲೈಸೆನ್ಸು ಸಿಕ್ಕಿತು. ಅಲ್ಲಿ ಬಿಯರ್ ಮಾಡುವವನು ಕಲಾವಿದ. ನನ್ನ ಗೆಳತಿ ‘ಸಖತ್’ ಎಂದದ್ದು ಆ ಲೋಕದ ಭಾಷೆಯಲ್ಲಿ. ಪಾಪ, ಅವಳಿಗೆ ಗೊತ್ತಿಲ್ಲ: 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ಮದ್ಯ ತಯಾರಿಸುವುದು ಜೈಲಿಗೆ ಹೋಗುವ ಅಪರಾಧ. ಶೆಫೀಲ್ಡಿನ ಅಡುಗೆಮನೆಯಲ್ಲಿ ನಾನು ಕಲಿತದ್ದನ್ನು ಊರಿಗೆ ಬಂದು ಅವಳಿಗೆ ಹೇಳಿಕೊಡುವ ಹಾಗಿಲ್ಲ. ಮಾಡಿದ್ದನ್ನು ಕೊಂಡು ಕುಡಿಯಬಹುದು. ಮಾಡಬಾರದು.

ಇಂಗ್ಲೆಂಡೇನೂ ಸ್ವರ್ಗವಲ್ಲ, ಇಲ್ಲಿಯ ಕಥೆಯೂ ಹೀಗೇ ಇತ್ತು. ನನ್ನ ಸಂಶೋಧನೆ ಹೆಂಗಸರ ದುಡಿಮೆಯ ಇತಿಹಾಸದ ಕುರಿತು, ಹಾಗಾಗಿ ಈ ವಿಷಯ ಬಂದರೆ ನಾಲಿಗೆ ಸ್ವಲ್ಪ ಉದ್ದ. ಮಧ್ಯಯುಗದಲ್ಲಿ ಇಲ್ಲಿ ಏಲ್ ಮಾಡುತ್ತಿದ್ದವರು ಬಹುಪಾಲು ಹೆಂಗಸರು. ಮನೆಗೆ ಮಾಡುವುದು, ಮಿಕ್ಕಿದ್ದನ್ನು ನೆರೆಯವರಿಗೆ ಮಾರುವುದು. ನಾಲ್ಕು ದಿನಕ್ಕೆ ಕೆಡುವ ಸರಕಾದ್ದರಿಂದ ಅದನ್ನು ಕೂಡಿಟ್ಟು ದೊಡ್ಡ ವ್ಯಾಪಾರ ಮಾಡುವಂತಿರಲಿಲ್ಲ. ಹಾಪ್ಸ್ ಬಂತು, ಬಿಯರು ವಾರಗಟ್ಟಲೆ ಉಳಿಯತೊಡಗಿತು, ಬಂಡವಾಳ ಬೇಕಾಯಿತು, ಸಂಘ ಕಟ್ಟುವ ಹಕ್ಕು ಬೇಕಾಯಿತು. 1600ರ ಹೊತ್ತಿಗೆ ಕಸುಬು ಗಂಡಸರ ಕೈಗೆ ಹೋಗಿತ್ತು. ಜುಡಿತ್ ಬೆನೆಟ್ ಎಂಬ ಇತಿಹಾಸಕಾರ್ತಿ ಈ ಬಗ್ಗೆ 1996ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದಿದ್ದಾರೆ. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಕಾಬೆಟ್, ಮಾಲ್ಟಿನ ಮೇಲೆ ತೆರಿಗೆ ಹೇರಿ ಕೂಲಿಯವರ ಮನೆಯ ಬಿಯರನ್ನು ಕೊಂದಿರಿ ಎಂದು ಸರ್ಕಾರದ ಮೇಲೆ ಹರಿಹಾಯ್ದ. (ಆತ ಟೀ ಕುಡಿಯುವವರ ಮೇಲೂ ಅಷ್ಟೇ ಹರಿಹಾಯ್ದ. ಅದನ್ನು ನಾನು ಒಪ್ಪಲಾರೆ.) 1880ರಿಂದ ಮನೆಯಲ್ಲಿ ಬಿಯರ್ ಮಾಡುವವರಿಗೂ ಲೈಸೆನ್ಸು ಬೇಕಾಯಿತು. 1963ರ ಬಜೆಟ್ಟಿನಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ತೆಗೆದುಹಾಕಿದರು. ಮಾರದಿದ್ದರೆ ಆಯಿತು, ಮನೆಗೆ ಎಷ್ಟಾದರೂ ಮಾಡಿಕೊಳ್ಳಿ. ನಮ್ಮ ಅಜ್ಜ ಬಿಯರ್ ಕಲಿತದ್ದು ಅದಾದ ಹತ್ತು ವರ್ಷಕ್ಕೆ, ಕಾರ್ಖಾನೆಯ ಜೊತೆಗಾರನೊಬ್ಬನಿಂದ. ಐವತ್ತು ವರ್ಷದಿಂದ ಬಹಿರಂಗವಾಗಿ ಕಲಿಸುತ್ತಿದ್ದಾರೆ. ಕಲಿಸುವುದು ಬಹಿರಂಗವಾಗಿದ್ದರಿಂದಲೇ ಸೌಟು ತೊಳೆಯದಿದ್ದರೆ ಏನಾಗುತ್ತದೆ ಎಂದು ನನಗೆ ಗೊತ್ತಾಯಿತು.

ಈಗ ಹಿರಿಯ ಮಿತ್ರರ ಮಾತು. ಕುಡಿತ ಮನೆ ಮುರಿಯುತ್ತದೆ ಎಂದು ನನಗೆ ಹೇಳಿಕೊಡಬೇಡಿ. ನನ್ನ ಸೋದರಮಾವ ಪ್ಯಾಕೆಟ್ಟು ಕುಡಿದೂ ಕುಡಿದೂ ಮೂವತ್ತೆಂಟಕ್ಕೆ ಸತ್ತ. ಅತ್ತೆ ಸಾರಾಯಿ ಅಂಗಡಿಯ ಮುಂದೆ ಧರಣಿ ಕೂತವಳು, ಅವಳ ಸಿಟ್ಟು ನ್ಯಾಯವಾದದ್ದು. ಮದ್ಯ ಮಾಡಲೂ ಬೇಡಿ, ಮಾರಲೂ ಬೇಡಿ, ಕುಡಿಯಲೂ ಬೇಡಿ ಎಂದ ನಾರಾಯಣ ಗುರುಗಳ ಫೋಟೋ ನಮ್ಮ ನಡುಮನೆಯಲ್ಲಿದೆ. ಬಕೆಟ್ಟು ಕಲಕುವಾಗ ಆ ಫೋಟೋ ನೆನಪಾಗದೆ ಇರಲಿಲ್ಲ. ಹುಟ್ಟಿದ ತಪ್ಪಿಗೆ ಮರ ಹತ್ತಲೇಬೇಕು ಎಂಬ ನೊಗದಿಂದ ನಮ್ಮಂಥವರು ಕತ್ತು ಬಿಡಿಸಿಕೊಂಡದ್ದರಲ್ಲಿ ಗುರುಗಳ ಋಣ ದೊಡ್ಡದು. ಚಿಕ್ಕಪ್ಪ ಮರದಿಂದ ಬಿದ್ದು ಸೊಂಟ ಮುರಿದುಕೊಂಡದ್ದನ್ನು ಕಂಡವಳು ನಾನು, ಆ ಕಸುಬಿನ ಬಗ್ಗೆ ಹಾಡು ಕಟ್ಟುವುದಿಲ್ಲ. ಗುರುಗಳಿಗೆ ಉತ್ತರ ನನ್ನಲ್ಲಿ ಪೂರ್ತಿ ಇಲ್ಲ. ಆದರೆ ಕಸುಬನ್ನು ತಾವಾಗಿ ಬಿಡುವುದು ಬೇರೆ, ಪೊಲೀಸರು ಬಿಡಿಸುವುದು ಬೇರೆ. ಸರ್ಕಾರ ಗುರುಗಳ ಮಾತು ಕೇಳಿ ನಿಷೇಧ ಮಾಡಿದ್ದರೆ ‘ಮಾರಬೇಡಿ’ ಎಂಬ ಮಾತನ್ನು ಮೊದಲು ತಾನು ಪಾಲಿಸಬೇಕಿತ್ತು.

ಮನೆಯಲ್ಲಿ ಮಾಡಲು ಬಿಟ್ಟರೆ ಜನ ವಿಷ ಕುಡಿದು ಸಾಯುತ್ತಾರೆ ಎನ್ನುವುದು ಇನ್ನೊಂದು ವಾದ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಗಡಿಯಾಚೆಯ ಕೃಷ್ಣಗಿರಿ ಕಡೆ ನೂರಕ್ಕೂ ಹೆಚ್ಚು ಜನ ಹಾಗೆ ಸತ್ತರು. ಅವರನ್ನು ಕೊಂದದ್ದು ಮಿಥೈಲ್ ಆಲ್ಕೋಹಾಲು, ಕಾರ್ಖಾನೆಗೆ ಬೇಕಾದ ವಸ್ತು. ಬಾರ್ಲಿಯೋ ಈಚಲ ರಸವೋ ಹುದುಗು ಬಂದು ಅಂಥ ವಿಷವಾಗುವುದಿಲ್ಲ. ಕೆಟ್ಟರೆ ನನ್ನ ಮೊದಲ ಬಕೆಟ್ಟಿನ ಹಾಗೆ ಹುಳಿಯಾಗುತ್ತದೆ. ಹುದುಗು ಬರಿಸುವುದಕ್ಕೂ ಭಟ್ಟಿ ಇಳಿಸುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯ ಕಾನೂನಿಗೆ ಗೊತ್ತಿದೆ. ಬಿಯರ್ ಮಾಡಿಕೊಳ್ಳಿ, ಭಟ್ಟಿ ಬೇಕಾದರೆ ಲೈಸೆನ್ಸು ತನ್ನಿ ಎನ್ನುತ್ತದೆ. ಛತ್ತೀಸಗಢ, ಮಧ್ಯಪ್ರದೇಶಗಳಲ್ಲಿ ಆದಿವಾಸಿಗಳಿಗೆ ಮನೆಬಳಕೆಯ ಮಹುವಾಕ್ಕೆ ವಿನಾಯಿತಿ ಇದೆ. ನೆರೆಯ ಕೇರಳದಲ್ಲಿ ಕಳ್ಳಿನ ಅಂಗಡಿಗೆ ಕುಟುಂಬ ಸಮೇತ ಊಟಕ್ಕೆ ಹೋಗುತ್ತಾರೆ. ನಮ್ಮ ಕಾಯ್ದೆಯಲ್ಲೂ ಮನೆಬಳಕೆಗೆ, ಮಾರುವಂತಿಲ್ಲ, ಇಷ್ಟು ಲೀಟರಿನ ಮಿತಿ ಎಂದು ಒಂದು ಸಾಲು ಸೇರಿಸಲು ಯಾವ ಕ್ರಾಂತಿಯೂ ಬೇಕಿಲ್ಲ. ಜೊತೆಗೆ, ಇನ್ನೂ ಮರ ಹತ್ತಬಲ್ಲ ಕೆಲವರಾದರೂ ಬದುಕಿರುವಾಗ, ಕಲಿಯಲು ಇಷ್ಟಪಡುವ ಯಾವ ಜಾತಿಯವರಿಗಾದರೂ ಅವರು ಹಗಲು ಹೊತ್ತಿನಲ್ಲಿ ಕಲಿಸುವಂತಾಗಲಿ. ‘ರಕ್ತದಲ್ಲೇ ಇದೆಯಲ್ಲ’ ಎಂದವರಿಗೆ ಇಷ್ಟು: ನನ್ನ ರಕ್ತದಲ್ಲಿ ಏನೂ ಇಲ್ಲ. ಇದ್ದಿದ್ದರೆ ಮೊದಲ ಬಕೆಟ್ಟು ಹುಳಿಯಾಗುತ್ತಿರಲಿಲ್ಲ. ವಿದ್ಯೆ ಇದ್ದದ್ದು ಅಪ್ಪನ ಕೈಯಲ್ಲಿ. ಅದನ್ನು ನನಗೆ ಅವನು ದಾಟಿಸಲಿಲ್ಲ.

ಅದು ನನಗೆ ಸರಿಯಾಗಿ ತಾಗಿದ್ದು ಮೇ ತಿಂಗಳಲ್ಲಿ. ಈಗ ನೀನೇನು ಕಲಿಸುತ್ತೀಯ ಎಂದು ಭವನದವರು ಕೇಳಿದರು. ದೋಸೆ ಹಿಟ್ಟು ಎಂದು ಹೆಸರು ಬರೆಸಿದೆ. ಅಜ್ಜ ಮಾತ್ರ, ನಿಮ್ಮಪ್ಪ ಮರ ಹತ್ತುತ್ತಿದ್ದರು ಎಂದಿದ್ದೆಯಲ್ಲ, ಅದರ ಬಗ್ಗೆ ಹೇಳು ಎಂದರು. ಎರಡು ನಿಮಿಷದಲ್ಲಿ ನನ್ನ ಸರಕು ಮುಗಿಯಿತು. ಯಾವ ತಿಂಗಳಲ್ಲಿ ಕೆತ್ತುವುದು, ಒಂದು ಮರಕ್ಕೆ ಎಷ್ಟು ದಿನ ಬಿಡುವು ಕೊಡುವುದು, ನನಗೆ ಗೊತ್ತಿರಲಿಲ್ಲ.

ಆ ರಾತ್ರಿ ಊರಿಗೆ ಫೋನು ಮಾಡಿದೆ. ಅಪ್ಪ ನೇರ ಬಕೆಟ್ಟಿಗೇ ಬಂದ.

‘ಅಲ್ಲ ಮಗಾ, ಅಂಗೆ ಮುಚ್ಚಳ ಬಿಗಿದು ಮಡಗಿದ್ಯಲ್ಲ, ಅದು ಉಸಿರು ಎಲ್ಲಿಂದ ಬುಡ್ತದೆ?’

ಕೊಳವೆಯ ವಿಷಯ ಹೇಳಿದೆ. ಗಾಳಿ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ.

‘ಎಷ್ಟು ದಿನ ಮಡಗ್ತರೆ?’

‘ಎರಡು ವಾರ.’

‘ಎರಡು ವಾರ್ವಾ! ನಮ್ದು ಸಂಜೆಗೇ ಹುಳಿಯಾಗೋಗದು,’ ಎಂದು ನಕ್ಕ. ಆಮೇಲೆ ತಾನಾಗಿಯೇ, ಮಡಕೆಗೆ ಕಿವಿಗೊಟ್ಟರೆ ಒಳಗಿನ ಸದ್ದಿನಲ್ಲೇ ಹದ ತಿಳಿಯುತ್ತದೆ, ನೊರೆ ನೋಡಬೇಕಾಗಿಲ್ಲ ಎಂದು ಶುರು ಮಾಡಿದ. ನಲವತ್ತು ನಿಮಿಷ ಮಾತಾಡಿದ. ನಾನು ಬರೆದುಕೊಂಡೆ. ಕೆಲವನ್ನು ಬಾಯಲ್ಲಿ ಹೇಳೋಕಾಗಲ್ಲ, ಮರದ ಮೇಲೆಯೇ ತೋರಿಸಬೇಕು ಎಂದ.

ಕತ್ತಿ ಎಲ್ಲಿದೆ ಎಂದು ಕೇಳಿದೆ.

‘ಅಟ್ಟದ ಮ್ಯಾಲೆ ಅದೆ. ತುಕ್ಕು ಇಡ್ಕಂಡಾತು ಅಂತ ವರ್ಸಕ್ಕೊಂದ್ಸಲ ಎಣ್ಣೆ ಹಚ್ತೀನಿ.’