ಕಂಪ್ಯೂಟರ್ ಸೊನ್ನೆ ಅಂದ್ರೆ ಸೊನ್ನೆನಾ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಕೊಂಡು ಹೋಯ್ತಲ್ಲ, ನಮ್ಮ ಹಚ್ಚೊಳ್ಳಿ, ಸಿರುಗುಪ್ಪ ಕಡೆಯವರಿಗೆ ಅದು ಬರೀ ಸುದ್ದಿ ಆಗಿರಲಿಲ್ಲ. ಇಲ್ಲಿನ ನೆಲ್ಲು ನಿಂತಿರೋದೇ ಆ ನೀರಿನ ಮೇಲೆ. ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಒಂದೇ ವಾರದಲ್ಲಿ, ಹರಿಯೋ ನೀರಲ್ಲೇ, ಐದು ಸ್ಟಾಪ್‌ಲಾಗ್ ಇಳಿಸಿದರು. ಒಂದೊಂದೂ 60 ಅಡಿ ಉದ್ದ, 4 ಅಡಿ ಎತ್ತರ.

ಎಲ್ಲರೂ ಚೈನ್ ಬಗ್ಗೆ ಬರೆದರು. ನನ್ನ ತಕರಾರು ಬೇರೆ. ಇಂಥ ಲೆಕ್ಕವನ್ನೆಲ್ಲ ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರಿಗೆ ಒಪ್ಪಿಸಿ, ಅದು ಬಿಡಿಸಿದ ಬಣ್ಣದ ಚಿತ್ರಕ್ಕೆ ಕೈಮುಗಿಯೋದು ಈಗ ರೂಢಿಯಾಗಿದೆ.

ಸ್ಟಾಪ್‌ಲಾಗ್ ಅಂದ್ರೆ ಎರಡು ತುದಿಯಲ್ಲಿ ಆನಿಸಿದ ತೊಲೆ ಅಷ್ಟೆ. ಇಪ್ಪತ್ತಡಿ ನೀರು ನಿಂತರೆ ಎಲ್ಲಕ್ಕಿಂತ ಕೆಳಗಿನದರ ಮೇಲೆ ಸುಮಾರು 122 ಟನ್ ಒತ್ತಡ (ಇದು ನನ್ನ ಒರಟು ಲೆಕ್ಕ). ತುದಿಗಳಲ್ಲಿ ಶಿಯರ್ ಫೋರ್ಸ್ 61 ಟನ್. ನಡುವೆ ಬೆಂಡಿಂಗ್ ಮೊಮೆಂಟ್, ಭಾರ ಗುಣಿಸು ಉದ್ದ ಭಾಗಿಸು ಎಂಟು, ಸುಮಾರು 280 ಟನ್-ಮೀಟರ್. ಲಕೋಟೆ ಹಿಂದೆ ಬರೆಯೋ ಲೆಕ್ಕ!

ಇದೇ ತೊಲೆಯನ್ನು ಒಂದೇ ಬೀಮ್ ಎಲಿಮೆಂಟಾಗಿ ಕೊಡಿ. ತುದಿಗಳು ಎಷ್ಟು ತಿರುಗುತ್ತವೆ ಅನ್ನೋದು ಕರಾರುವಾಕ್ಕಾಗಿ ಬರುತ್ತೆ. ಆದರೆ ಆ ಬಾಗಿದ ಆಕಾರದಿಂದಲೇ ಮೊಮೆಂಟ್ ತೆಗೆದರೆ ಎಂಟರ ಬದಲು ಹನ್ನೆರಡರಿಂದ ಭಾಗಿಸಿದ ಉತ್ತರ. ಅಂದ್ರೆ ಮೂರರಲ್ಲಿ ಎರಡು ಪಾಲು, ಅದೂ ಉದ್ದಕ್ಕೂ ಒಂದೇ ಸಮ. ಶಿಯರ್? ಸೊನ್ನೆ ಸ್ವಾಮೀ, ಸೊನ್ನೆ! 61 ಟನ್ ಎಲ್ಲಿ ಹೋಯ್ತು? ಹರಡಿದ ಭಾರವನ್ನು ಮೊದಲು ನೋಡ್‌ಗಳಿಗೆ ಹಂಚಿರುತ್ತಾರೆ. ಆ ಹಂಚಿದ ಬಲಗಳನ್ನು ಕೊನೆಗೆ ಮತ್ತೆ ಕೂಡಿಸಬೇಕು. ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಕೂಡಿಸುತ್ತವೆ. ಎಲ್ಲವೂ ಕೂಡಿಸುತ್ತವೆ ಅಂತ ನಂಬಬೇಡಿ.

ತೊಲೆಯನ್ನು ಹತ್ತು ತುಂಡು ಮಾಡಿದರೆ ಸರಿಹೋಗುತ್ತೆ ಅಂತೀರಾ? ನಡುವಿನ ಮೊಮೆಂಟ್‌ನ ತಪ್ಪು ಶೇ. 1ಕ್ಕಿಂತ ಕಡಿಮೆಯಾಗುತ್ತೆ, ನಿಜ. ತುದಿಯ ಶಿಯರ್ ಮಾತ್ರ ಆಗಲೂ ಶೇ. 10ರಷ್ಟು ಕಮ್ಮಿಯೇ. ಅದು ಯಾವಾಗಲೂ ಹಿಂದೆ ಬೀಳುತ್ತೆ, ಯಾಕಂದ್ರೆ ಬಾಗಿದ ಆಕಾರವನ್ನು ಮೊಮೆಂಟಿಗಿಂತ ಇನ್ನೂ ಒಂದು ಸಲ ಡಿಫರೆನ್ಷಿಯೇಟ್ ಮಾಡಿ ತೆಗೆಯೋದು ಅದು. ತುದಿಯಲ್ಲೇ ತಾನೆ ತೊಲೆ ಗೋಡೆಗೆ ಭಾರ ದಾಟಿಸೋದು?

ಸಾಫ್ಟ್‌ವೇರ್ ಬೇಡ ಅಂತ ನಾನು ಹೇಳ್ತಿಲ್ಲ. ಪಕ್ಕೆಲುಬು ಬೆಸೆದ ಗೇಟಿನ ತಗಡನ್ನು ಕೈಲೆಕ್ಕದಲ್ಲಿ ಯಾರು ಬಿಡಿಸ್ತಾರೆ? ಆದರೆ ವರದಿಯ ಮೊದಲ ಪುಟದಲ್ಲಿ ಒಂದು ಕೈಲೆಕ್ಕ ಇರಲಿ, ಎರಡು ತುದಿಯ ಆಸರೆ ಬಲ ಕೂಡಿದರೆ ನೀರಿನ ಒತ್ತಡಕ್ಕೆ ಸಮ ಬರುತ್ತಾ ಅಂತ ತೋರಿಸಲಿ. ಅದಿಲ್ಲದ ವರದಿಗೆ ಸಹಿ ಹಾಕಬಾರದು ಅನ್ನೋದು ನನ್ನ ವಾದ. ಎಂಜಿನಿಯರ್ ಬ್ಲಾಗಿಗರೇ, ನೀವೇನಂತೀರಿ?